ಲುಕ್ಕಾ ಊರಿನ ಕೋಟೆ ಬಾಗಿಲು

(ಮಹಿಳಾ ವೇದಿಕೆಯ ಮಾಸಿಕ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



"ಇಟಲಿಗೆ ಹೋಗಿ ಬಂದಿದ್ದೀರಲ್ಲ, ಅದರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದ್ದಾರೆ. ರೋಮ್, ವೆನಿಸ್, ಪೀಸಾದ ವಾಲಿದ ಗೋಪುರ ಇವುಗಳನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನೋಡದವರಿಗೂ ವಾಟ್ಸಾಪ್ ಕೃಪೆಯಿಂದ ದರ್ಶನವಾಗಿದೆ. ಹಾಗಾಗಿ ಇವತ್ತು ನಾನು ಒಂದೇ ಒಂದು ಊರಿನ ವಿಷಯ ಹೇಳುತ್ತೇನೆ. ಊರಿನ ಹೆಸರು ಲುಕ್ಕಾ. ಟಸ್ಕನಿ ಪ್ರಾಂತದಲ್ಲಿದೆ. ಪೀಸಾದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಪೀಸಾಕ್ಕೆ ಹೋಗಿ, ಗೋಪುರವನ್ನು ಕೈಯಲ್ಲಿ ತಳ್ಳುವ ಹಾಗೆ ಫೋಟೋ ತೆಗೆಸಿಕೊಂಡು ಹಿಂದಿರುಗುವವರು ಇನ್ನೊಂದು ಅರ್ಧ ಗಂಟೆ ಮುಂದೆ ಹೋದರೆ ಈ ಊರು ಸಿಗುತ್ತದೆ.

ನಾವು ಹೋದದ್ದು ಜುಲೈ ತಿಂಗಳಲ್ಲಿ. ಮಕ್ಕಳ ರಜೆ, ಅಳಿಯನ ರಜೆ, ವೀಸಾ ಎಲ್ಲಾ ಕೂಡಿ ಬಂದದ್ದು ಆಗಲೇ. ಯುರೋಪ್ ಎಂದರೆ ತಂಪು ಎಂದುಕೊಂಡು ಸ್ವೆಟರ್ ಕಟ್ಟಿಕೊಳ್ಳುವವರಿಗೆ ಒಂದು ಮಾತು: ಜುಲೈನ ಟಸ್ಕನಿಯಲ್ಲಿ ಬಿಸಿಲು 35 ಡಿಗ್ರಿ ದಾಟುವ ದಿನಗಳೂ ಇರುತ್ತವೆ. ಕಲ್ಲಿನ ಬೀದಿ, ಕಲ್ಲಿನ ಮನೆ, ಕಲ್ಲಿನ ಚೌಕ, ಎಲ್ಲವೂ ಕಾದು ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಹಂಚಿನ ಹಾಗಾಗುತ್ತವೆ. ಒಂದು ಗಂಟೆಯಾಗುತ್ತಿದ್ದಂತೆ ಸಣ್ಣಪುಟ್ಟ ಅಂಗಡಿಯವರು ಬಾಗಿಲೆಳೆದು ಊಟಕ್ಕೆ ಹೋಗುತ್ತಾರೆ. ಆಮೇಲೆ ಅವರು ತೆರೆಯುವುದು ಮೂರೂವರೆಗೋ ನಾಲ್ಕಕ್ಕೋ. ನಮ್ಮ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆ ಮಧ್ಯಾಹ್ನ ಹೇಗೋ, ಅಲ್ಲಿಯೂ ಹಾಗೆಯೇ. ನೋಡುವುದನ್ನೆಲ್ಲ ಬೆಳಗ್ಗೆ ಹನ್ನೊಂದರೊಳಗೆ, ಇಲ್ಲವೇ ಸಂಜೆ ಐದರ ಮೇಲೆ ಇಟ್ಟುಕೊಳ್ಳಬೇಕು. ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಸುಮಾರಿಗೆ, ಆದ್ದರಿಂದ ಅವಸರವಿಲ್ಲ.

ಇನ್ನು ಕೋಟೆಯ ವಿಷಯ. ರೈಲು ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಹಸಿರು ಬಯಲು, ಅದರಾಚೆ ಇಟ್ಟಿಗೆ ಬಣ್ಣದ ಉದ್ದನೆಯ ಗೋಡೆ, ಗೋಡೆಯ ತಲೆಯ ಮೇಲೆ ಸಾಲುಮರ! ಕೋಟೆಯ ಮೇಲೆ ಮರವೇ ಎಂದು ನಮಗೆಲ್ಲ ಆಶ್ಚರ್ಯವಾಯಿತು. ಕೋಟೆ ಎಂದರೆ ನಮ್ಮ ಕಣ್ಣಿಗೆ ಬರುವುದು ಚಿತ್ರದುರ್ಗದ ಹಾಗೆ ಬಂಡೆಯಿಂದ ಬಂಡೆಗೆ ಏರುವ ಏಳು ಸುತ್ತು. ಇದು ಹಾಗಲ್ಲ. ಸಪಾಟು ನೆಲದ ಮೇಲೆ ಊರನ್ನು ಬಳೆಯಂತೆ ಸುತ್ತಿದ ಒಂದೇ ಗೋಡೆ. ಉದ್ದ ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಎತ್ತರ ಸುಮಾರು 12 ಮೀಟರ್, ಬುಡದಲ್ಲಿ ಅಗಲ 30 ಮೀಟರ್. ಒಳಗೆ ಮಣ್ಣು ತುಂಬಿ ಹೊರಗೆ ಇಟ್ಟಿಗೆ ಕಟ್ಟಿದ್ದಾರೆ. ಫಿರಂಗಿ ಬಂದ ಕಾಲದ ಕೋಟೆ ಇದು. ಎತ್ತರದ ಕಲ್ಲುಗೋಡೆಯಾದರೆ ಫಿರಂಗಿ ಗುಂಡಿಗೆ ಒಡೆಯುತ್ತದೆ, ದಪ್ಪನೆಯ ಮಣ್ಣಾದರೆ ಗುಂಡನ್ನು ನುಂಗಿಕೊಳ್ಳುತ್ತದೆ. ಅದಕ್ಕೇ ಇಷ್ಟು ಅಗಲ. 16ನೇ ಶತಮಾನದ ಆರಂಭದಲ್ಲಿ ಹಿಡಿದ ಕೆಲಸ ಮುಗಿಯುವಾಗ 17ನೇ ಶತಮಾನದ ನಡುಭಾಗ. ಅಂದರೆ ಅಜ್ಜ ಹಾಕಿದ ಅಡಿಪಾಯದ ಮೇಲೆ ಮರಿಮಗ ಇಟ್ಟಿಗೆ ಇಟ್ಟಿದ್ದಾನೆ. ಹೊರಕ್ಕೆ ಚಾಚಿಕೊಂಡ 11 ಕೊತ್ತಲಗಳಿವೆ, ಆರು ಬಾಗಿಲುಗಳಿವೆ.

ಇಷ್ಟೆಲ್ಲ ಕಟ್ಟಿದ ಮೇಲೆ ಆದದ್ದೇನು ಗೊತ್ತೇ? ಯಾವ ಶತ್ರುವೂ ಬಂದು ಈ ಗೋಡೆಗೆ ಮುತ್ತಿಗೆ ಹಾಕಲಿಲ್ಲ. ಕೋಟೆ ನಿಜವಾಗಿ ಊರನ್ನು ಉಳಿಸಿದ್ದು ಸೈನ್ಯದಿಂದ ಅಲ್ಲ, ನೀರಿನಿಂದ. 1812ರ ನವೆಂಬರಿನಲ್ಲಿ ಪಕ್ಕದ ಸೆರ್ಕಿಯೊ ನದಿ ಉಕ್ಕಿ ಬಂತು. ಊರವರು ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದರು. ಸುತ್ತಲಿನ ಹೊಲಗದ್ದೆ ಮುಳುಗಿದರೂ ಊರೊಳಗೆ ನೀರು ನುಗ್ಗಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ನಮ್ಮಲ್ಲಿ ಗಾದೆಯಿದೆ. ಇವರು ಸರಿಯಾದ ಹೊತ್ತಿಗೇ ಹಾಕಿದರು. ಆಗ ಅಲ್ಲಿ ಆಳುತ್ತಿದ್ದವಳು ನೆಪೋಲಿಯನ್ನನ ತಂಗಿ ಎಲಿಸಾ. ಅವಳು ಆ ಹೊತ್ತಿಗೆ ಹೊರಗಿದ್ದಳಂತೆ, ಬಾಗಿಲು ತೆಗೆಯುವ ಹಾಗಿಲ್ಲವೆಂದು ರಾಟೆ ಕಟ್ಟಿ ಗೋಡೆಯ ಮೇಲಿನಿಂದ ಅವಳನ್ನು ಒಳಗೆ ಎತ್ತಿಕೊಂಡರಂತೆ. ಊರವರು ಈ ಕಥೆಯನ್ನು ಇಂದಿಗೂ ನಗುತ್ತಾ ಹೇಳುತ್ತಾರೆ.

ಎಲಿಸಾಳ ನಂತರ ಬಂದವಳು ಮರಿಯಾ ಲೂಯಿಸಾ. ಅವಳ ಕಾಲದಲ್ಲಿ ಈ ಯುದ್ಧದ ಗೋಡೆ ಜನರು ಅಡ್ಡಾಡುವ ಉದ್ಯಾನವಾಯಿತು. ಇಟಲಿಯ ಎಷ್ಟೋ ಊರುಗಳು 19ನೇ ಶತಮಾನದಲ್ಲಿ, ರಸ್ತೆಗೆ ಅಡ್ಡವೆಂದು ತಮ್ಮ ಕೋಟೆಗಳನ್ನು ಕೆಡವಿದವು. ಹತ್ತಿರದ ಫ್ಲಾರೆನ್ಸ್ ಕೂಡ 1865ರಲ್ಲಿ ರಾಜಧಾನಿಯಾದಾಗ ತನ್ನ ಗೋಡೆಯ ಬಹುಭಾಗವನ್ನು ಕೆಡವಿ ರಸ್ತೆ ಮಾಡಿಕೊಂಡಿತು. ಲುಕ್ಕಾದವರು ಕೆಡವಲಿಲ್ಲ. ಆ ವೇಳೆಗಾಗಲೇ ಅದು ಅವರ ಸಂಜೆಯ ವಾಕಿಂಗಿನ ಜಾಗವಾಗಿತ್ತು!

ಈಗ ಗೋಡೆಯ ಮೇಲೆ ಹತ್ತಲು ಟಿಕೆಟ್ ಇಲ್ಲ. ಗೇಟಿಲ್ಲ, ಸಮಯದ ಫಲಕವಿಲ್ಲ. ಬೆಳಗ್ಗೆ ಆರೂವರೆಗೆ ಹೋದರೂ ಓಡುವವರು ಇರುತ್ತಾರೆ. ಸಂಜೆಯಾದರೆ ಅಜ್ಜಿಯರು ಬೆಂಚಿನ ಮೇಲೆ, ಮಕ್ಕಳು ಸೈಕಲ್ ಮೇಲೆ, ಹದಿಹರೆಯದವರು ಹುಲ್ಲಿನ ಮೇಲೆ. ನನ್ನ ಮಂಡಿಯ ಕಥೆ ನಿಮಗೆಲ್ಲ ಗೊತ್ತಿದೆ. ಅಂಥ ನಾನೂ ಒಂದೂವರೆ ಗಂಟೆಯಲ್ಲಿ ಪೂರ್ತಿ ಒಂದು ಪ್ರದಕ್ಷಿಣೆ ಹಾಕಿದೆ, ಏಕೆಂದರೆ ದಾರಿ ಸಪಾಟು, ಮೇಲೆ ಮರಗಳ ನೆರಳು. ಎಡಕ್ಕೆ ನೋಡಿದರೆ ಹಂಚಿನ ಮನೆಗಳು, ಗಂಟೆಗೋಪುರಗಳು, ಯಾರದೋ ಹಿತ್ತಲಲ್ಲಿ ಒಣಗುವ ಬಟ್ಟೆ. ಬಲಕ್ಕೆ ನೋಡಿದರೆ ಬಯಲು, ದೂರದಲ್ಲಿ ಬೆಟ್ಟ.

ಊಟದ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ. ಸಸ್ಯಾಹಾರಿಗಳಿಗೆ ಭಯ ಬೇಡ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಒಲೆಯೊಳಗೆ ಬೇಯಿಸಿದ ಚೆಚೀನಾ ಎಂಬ ತಿಂಡಿ ಸಿಗುತ್ತದೆ. ನಮ್ಮ ಕಡಲೆಹಿಟ್ಟಿನ ದೋಸೆಯ ಅಕ್ಕನೆಂದೇ ಹೇಳಬಹುದು, ಹಸಿಮೆಣಸಿನಕಾಯಿ ಒಂದು ಇಲ್ಲ ಅಷ್ಟೆ. ಒಣದ್ರಾಕ್ಷಿ, ಸೋಂಪು ಹಾಕಿದ ಬುಚೆಲ್ಲಾತೊ ಎಂಬ ಸಿಹಿ ಬ್ರೆಡ್ಡು ಈ ಊರಿನ ವಿಶೇಷ. ಫಾರ್ರೊ ಎಂಬ ಹಳೆಯ ಕಾಲದ ಗೋಧಿಯ ಸೂಪು ಕೂಡ ಹೆಸರುವಾಸಿ. ಆದರೆ ಅದರಲ್ಲಿ ಮಾಂಸ ಸೇರಿಸುವುದುಂಟು, ಕೇಳಿಯೇ ತಿನ್ನಬೇಕು. ಇಗರ್ಜಿಗಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕು. ನಮ್ಮ ಸೀರೆ, ಚೂಡಿದಾರಕ್ಕೆ ಆ ಚಿಂತೆಯಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಪ್ರವಾಸದ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕೋಟೆಯೊಳಗೆ ಮಲಗಿರುವ ಇಬ್ಬರು ಹೆಂಗಸರು. ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯವಳು ಇಲಾರಿಯಾ. 15ನೇ ಶತಮಾನದ ಆರಂಭದಲ್ಲಿ ಲುಕ್ಕಾವನ್ನು ಆಳುತ್ತಿದ್ದ ಪಾವೊಲೊ ಗ್ವಿನೀಜಿಯ ಎರಡನೆಯ ಹೆಂಡತಿ. 1405ರಲ್ಲಿ ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ವಯಸ್ಸು ಇಪ್ಪತ್ತಾರು. ಅವಳ ನೆನಪಿಗೆ ಯಾಕೊಪೊ ದೆಲ್ಲಾ ಕ್ವೆರ್ಚಾ ಎಂಬ ಶಿಲ್ಪಿ ಅಮೃತಶಿಲೆಯ ಸಮಾಧಿಶಿಲ್ಪ ಮಾಡಿದ. ಊರಿನ ಪ್ರಧಾನ ಇಗರ್ಜಿಯಾದ ಸಾನ್ ಮಾರ್ತಿನೊದಲ್ಲಿ ಅದಿದೆ. ಎತ್ತರದ ಕೊರಳಪಟ್ಟಿಯ ಉಡುಪು ತೊಟ್ಟು, ಎದೆಯ ಕೆಳಗೆ ಕೈ ಜೋಡಿಸಿ ಮಲಗಿದ್ದಾಳೆ. ಕಾಲಬಳಿ ಒಂದು ಪುಟ್ಟ ನಾಯಿ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತಿದೆ. ಈಗ ಎಚ್ಚರವಾಗಬಹುದು ಎನ್ನುವಂತೆ ಇದೆ ಆ ಮುಖ. ಒಡೆಯನ ಹೆಂಡತಿಯಾದರೂ ಹೆರಿಗೆಯ ಕೋಣೆಯಲ್ಲಿ ಅವಳನ್ನು ಯಾವ ಕೋಟೆಯೂ ಕಾಯಲಿಲ್ಲ.

ಎರಡನೆಯವಳು ಜೀತಾ. ಇಲಾರಿಯಾಗಿಂತ ಹೆಚ್ಚುಕಡಿಮೆ ನೂರೈವತ್ತು ವರ್ಷ ಹಿಂದಿನವಳು. ಲುಕ್ಕಾದ ಹತ್ತಿರದ ಮೊನ್ಸಗ್ರಾತಿ ಎಂಬ ಹಳ್ಳಿಯ ಬಡವರ ಮಗಳು. ಹನ್ನೆರಡನೆಯ ವಯಸ್ಸಿಗೆ ಕೋಟೆಯ ಬಾಗಿಲು ದಾಟಿ ಊರೊಳಗೆ ಬಂದಳು. ನಾನು ವರ್ಣಿಸಿದ ಗೋಡೆ ಆಗ ಇರಲಿಲ್ಲ. ಅದಕ್ಕೂ ಹಿಂದಿನ ಮಧ್ಯಯುಗದ ಗೋಡೆಗಳ ಕಾಲ ಅದು. ಆ ಹಳೆಯ ಗೋಡೆಯ ಎರಡು ಬಾಗಿಲುಗಳು ಇಂದಿಗೂ ಊರ ನಡುವೆ ನಿಂತಿವೆ. ಬಂದದ್ದು ಯಾವುದಕ್ಕೆ? ಫಾತಿನೆಲ್ಲಿ ಎಂಬ ಸಿರಿವಂತ ವ್ಯಾಪಾರಿಗಳ ಮನೆಗೆಲಸಕ್ಕೆ. ಲುಕ್ಕಾದ ರೇಷ್ಮೆಗೆ ಆಗ ಯುರೋಪಿನಲ್ಲೆಲ್ಲ ಹೆಸರು. ವ್ಯಾಪಾರಿಗಳು ಗೋಪುರದ ಮನೆಗಳನ್ನು ಕಟ್ಟಿಸಿಕೊಳ್ಳುತ್ತಿದ್ದ ಕಾಲ.

ಅಂಥ ಒಂದು ಗೋಪುರ, ಸ್ವಲ್ಪ ನಂತರದ್ದು, ಗ್ವಿನೀಜಿ ಮನೆತನದ್ದು ಇನ್ನೂ ಇದೆ. ಇನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದರೆ ನೆತ್ತಿಯ ಮೇಲೆ ಓಕ್ ಮರಗಳು! ಮಂಡಿಯ ದೆಸೆಯಿಂದ ನಾನು ಕೆಳಗೆ ಕುಳಿತೆ, ಮಗಳು ಹತ್ತಿ ಫೋಟೋ ತಂದಳು. ಇಂಥ ಗೋಪುರದ ಮನೆಗಳಲ್ಲಿ ಹೊಗೆ, ಬೆಂಕಿಯ ಭಯಕ್ಕೆ ಅಡುಗೆಮನೆಯನ್ನು ಮೇಲಂತಸ್ತಿನಲ್ಲಿ ಇಡುವುದು ಆ ಕಾಲದ ವಾಡಿಕೆ. ಎಲ್ಲರೂ ಮರ ನೋಡಿ ಬೆರಗಾಗುತ್ತಾರೆ. ನನಗೆ ಬಂದ ಯೋಚನೆ: ಅಷ್ಟು ಮೇಲಕ್ಕೆ ದಿನವೂ ಸೌದೆ, ನೀರು ಹೊತ್ತವರು ಯಾರು? ಜೀತಾಳಂಥವರೇ ಅಲ್ಲವೇ?

ಜೀತಾ ಒಂದೇ ಮನೆಯಲ್ಲಿ ಸಾಯುವವರೆಗೆ, ಅಂದರೆ ನಲವತ್ತೈದಕ್ಕೂ ಹೆಚ್ಚು ವರ್ಷ ದುಡಿದಳು. ಮೊದಮೊದಲು ಬೈಗುಳ, ಹೊಡೆತ, ಜೊತೆಗೆಲಸದವರ ಹೊಟ್ಟೆಕಿಚ್ಚು ಎಲ್ಲವನ್ನೂ ಉಂಡಳು. ಅವಳ ಬಗ್ಗೆ ಒಂದು ಐತಿಹ್ಯವಿದೆ. ಹಸಿದವರಿಗೆಂದು ರೊಟ್ಟಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೊರಟಿದ್ದಳು. ಕದ್ದು ಒಯ್ಯುತ್ತಿದ್ದಾಳೆಂದು ಯಾರೋ ಚಾಡಿ ಹೇಳಿದರು. ಒಡೆಯ ತಡೆದು "ಮಡಿಲಲ್ಲಿ ಏನಿದೆ, ತೋರಿಸು" ಎಂದ. ಬಿಚ್ಚಿದರೆ ರೊಟ್ಟಿಯ ಬದಲು ಹೂವು! ಏಪ್ರಿಲ್ 27 ಅವಳು ತೀರಿಕೊಂಡ ದಿನ. ಪ್ರತಿವರ್ಷ ಆ ಹೊತ್ತಿಗೆ ಲುಕ್ಕಾದಲ್ಲಿ ಹೂವಿನ ಸಂತೆ. ಸಾನ್ ಫ್ರೆದಿಯಾನೊ ಇಗರ್ಜಿಯ ಎದುರು ಮತ್ತು ಹತ್ತಿರದ, ರೋಮನ್ನರ ಹಳೆಯ ವರ್ತುಲ ರಂಗಸ್ಥಳದ ಗುರುತಿನ ಮೇಲೆಯೇ ಮನೆಗಳೆದ್ದಿರುವ ದುಂಡು ಚೌಕದಲ್ಲಿ ಹೂವೋ ಹೂವು. ಆ ಇಗರ್ಜಿಯಲ್ಲೇ ಅವಳ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಪುಟ್ಟ, ಒಣಗಿದ, ಕಂದಿದ ಮುಖ. ರೋಮಿನವರು ಅವಳನ್ನು ಅಧಿಕೃತವಾಗಿ ಸಂತಳೆಂದು ಘೋಷಿಸಿದ್ದು 1696ರಲ್ಲಿ. ಆದರೆ ಊರಿನ ಜನ ಅಷ್ಟು ಕಾಯಲಿಲ್ಲ. ಅದಕ್ಕೆ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲೇ ಕವಿ ಡಾಂಟೆ ತನ್ನ ಮಹಾಕಾವ್ಯದಲ್ಲಿ ಲುಕ್ಕಾ ಊರನ್ನು ಸಂತ ಜೀತಾಳ ಹೆಸರಿನಿಂದಲೇ ಗುರುತಿಸಿದ್ದಾನೆ. ಯೋಚಿಸಿ ನೋಡಿ, ಒಂದು ಶ್ರೀಮಂತ ಊರಿಗೆ ಮನೆಗೆಲಸದವಳ ಹೆಸರು! ಮನೆಗೆಲಸದವರಿಗೆಲ್ಲ ಅವಳು ರಕ್ಷಕ ಸಂತಳು. ಕಳೆದುಹೋದ ಬೀಗದ ಕೈ ಹುಡುಕಿಕೊಡು ಎಂದು ಬೇಡಿಕೊಳ್ಳುವುದೂ ಅವಳನ್ನೇ.

ಅಲ್ಲಿಂದ ಬಂದ ಮೇಲೆ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ, ಯಾದಗಿರಿ ಕಡೆಯ ಹೆಣ್ಣುಮಗಳು, "ಅಕ್ಕಾರ, ಎಲ್ಲೆಲ್ಲಿ ಹೋಗಿದ್ರಿ, ಫೋಟೋ ತೋರಸ್ರಿ" ಎಂದಳು. ಒಂದೊಂದಾಗಿ ತೋರಿಸಿದೆ. ರೋಮಿನ ದೊಡ್ಡ ದೊಡ್ಡ ಕಟ್ಟಡಗಳನ್ನು ಸುಮ್ಮನೆ ನೋಡಿದಳು. ಜೀತಾಳ ಕಥೆಯನ್ನು ಮಾತ್ರ ಪೊರಕೆ ಪಕ್ಕಕ್ಕಿಟ್ಟು ಕುಳಿತು ಕೇಳಿದಳು. ಹೂವಿನ ಪವಾಡಕ್ಕೆ ಕೈ ಮುಗಿದಾಳು ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟು: "ಅಕ್ಕಾರ, ಅಷ್ಟ ವರ್ಷ ದುಡದಾಳಲ್ರೀ, ಈಕಿಗಿ ರಜಾ ಯಾವಾಗ ಕೊಡ್ತಿದ್ರು?"

ಗೆಳತಿಯರೇ, ಇಂದಿನ ನನ್ನ ಮಾತಿನ ತಿರುಳು ಈ ಪ್ರಶ್ನೆಯೇ. ಸಂತಳಾದ ಮೇಲೆ ಹೂವು ಏರಿಸುವುದು ಸುಲಭ. ಬದುಕಿರುವಾಗ ವಾರಕ್ಕೊಂದು ರಜೆ ಕೊಡುವುದು ಕಷ್ಟ.

ಈಗಿನ ಇಟಲಿ ಈ ಪ್ರಶ್ನೆಗೆ ಏನು ಉತ್ತರ ಕೊಡುತ್ತದೆ ಎಂದು ಹುಡುಕಿ ಓದಿದೆ. ಗೋಡೆಯ ಮೇಲಿನ ಬೆಂಚುಗಳಲ್ಲಿ ಅಜ್ಜ ಅಜ್ಜಿಯರ ಪಕ್ಕದಲ್ಲಿ, ನೋಡಿದರೆ ಅವರ ಮಕ್ಕಳಂತೆ ಕಾಣದ ಹೆಂಗಸರು ಕುಳಿತಿರುತ್ತಿದ್ದರು. ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ರೊಮೇನಿಯಾ, ಉಕ್ರೇನ್, ಫಿಲಿಪ್ಪೀನ್ಸ್, ಪೆರು ಮುಂತಾದ ದೇಶಗಳಿಂದ ಹೆಂಗಸರು ಬರುತ್ತಾರೆ. ಅವರಿಗೆ ಬಾದಾಂತೆ ಎನ್ನುತ್ತಾರೆ. ಮನೆಗೆಲಸದವರಿಗೆಂದೇ ಅಲ್ಲಿ ರಾಷ್ಟ್ರಮಟ್ಟದ ಒಪ್ಪಂದವೊಂದು 1974ರಿಂದ ಇದೆ. ಅದರ ಪ್ರಕಾರ ವಾರದ ರಜೆ, ವರ್ಷಕ್ಕೆ 26 ಕೆಲಸದ ದಿನಗಳ ಸಂಬಳಸಹಿತ ರಜೆ, ಡಿಸೆಂಬರಿನಲ್ಲಿ ಹದಿಮೂರನೆಯ ತಿಂಗಳ ಸಂಬಳ, ಕೆಲಸ ಬಿಡುವಾಗ ಗಂಟು. ಮನೆಗೆಲಸದವರ ಹಕ್ಕುಗಳ ಬಗ್ಗೆ 2011ರಲ್ಲಿ ಆದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಐರೋಪ್ಯ ಒಕ್ಕೂಟದಲ್ಲಿ ಮೊದಲು ಅನುಮೋದಿಸಿದ ದೇಶವೂ ಇಟಲಿಯೇ, 2013ರಲ್ಲಿ. ಹಾಗೆಂದು ಅಲ್ಲಿ ಎಲ್ಲವೂ ಸ್ವರ್ಗವಲ್ಲ. ಕಾಗದಪತ್ರವಿಲ್ಲದೆ ದುಡಿಸಿಕೊಳ್ಳುವ ಮನೆಗಳು ಅಲ್ಲಿಯೂ ಬಹಳ ಇವೆ. ಆದರೆ ಕೇಳಲು ಒಂದು ಕಾನೂನು ಇದೆ.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ, 2004ರಲ್ಲಿ. ನಾವು ಬದುಕುತ್ತಿರುವ ಈ ಮಹಾರಾಷ್ಟ್ರದಲ್ಲಿ ಮನೆಗೆಲಸದವರ ಕಲ್ಯಾಣ ಮಂಡಳಿಗಾಗಿ 2008ರ ಕಾಯಿದೆ ಇದೆ. ಕಾಗದದ ಮೇಲೆ ಇದೆ. ಆದರೆ ಅದರಲ್ಲಿ ಹೆಸರು ನೋಂದಾಯಿಸಬಹುದು ಎಂಬ ಮಾತು ನಮ್ಮ ಮನೆಗಳಿಗೆ ಬರುವ ಎಷ್ಟು ಜನರ ಕಿವಿಗೆ ಬಿದ್ದಿದೆ?

ನಾವೂ ಕೋಟೆಯೊಳಗೇ ಇರುವವರು. ನಮ್ಮ ಸೊಸೈಟಿಗಳಿಗೆ ಸುತ್ತುಗೋಡೆ ಇದೆ, ಗೇಟಿದೆ, ಕಾವಲಿದೆ, ಕ್ಯಾಮೆರಾ ಇದೆ. ಬೇಡವೆನ್ನುವುದಿಲ್ಲ, ಅವು ಬೇಕು. ಆದರೆ ಬೆಳಗ್ಗೆ ಏಳಕ್ಕೆ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಸಂಜೆ ಚೀಲ ಬಿಚ್ಚಿ ತೋರಿಸಿ ಹೋಗುವವರು ಯಾರೆಂದು ನೋಡಿ. ಕೆಲವು ಕಡೆ ಅವರಿಗೆ ಬೇರೆ ಲಿಫ್ಟು. "ಮಡಿಲಲ್ಲಿ ಏನಿದೆ, ತೋರಿಸು" ಎಂಬ ಮಾತು 13ನೇ ಶತಮಾನಕ್ಕೇ ಮುಗಿದಿಲ್ಲ.

ಇನ್ನೊಂದು ಕೋಟೆಯೂ ಇದೆ. ಅದು ನಮ್ಮ ಈ ಕನ್ನಡ ಸಂಘ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಪುಣೆಗೆ, ಮುಂಬಯಿಗೆ ಕಟ್ಟಡದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರು ಎಷ್ಟೋ ಮಂದಿ. ಅವರಾಡುವುದು ಕನ್ನಡ. ನಮ್ಮ ಮೊಮ್ಮಕ್ಕಳಿಗಿಂತ ಚೆನ್ನಾದ ಕನ್ನಡ! ಹೊರನಾಡಿನಲ್ಲಿ ಕನ್ನಡ ಉಳಿಯುತ್ತಿಲ್ಲ ಎಂದು ನಾವು ಪ್ರತಿ ವರ್ಷ ವಿಚಾರಸಂಕಿರಣ ಮಾಡುತ್ತೇವೆ. ಅದೇ ಹೊತ್ತಿನಲ್ಲಿ ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಒಬ್ಬಳು ಜನಪದ ಹಾಡು ಗುನುಗುತ್ತಿರುತ್ತಾಳೆ. ಅವಳು ನಮ್ಮ ಸದಸ್ಯರ ಪಟ್ಟಿಯಲ್ಲಿ ಇಲ್ಲ. ಬರಬೇಡ ಎಂದು ಯಾರೂ ಹೇಳಿಲ್ಲ, ಬಾ ಎಂದೂ ಯಾರೂ ಕರೆದಿಲ್ಲ.

ಲುಕ್ಕಾದವರು ತಮ್ಮ ಗೋಡೆಯನ್ನು ಕೆಡವಲಿಲ್ಲ, ಮರೆಯಬೇಡಿ. ಅದರ ಮೇಲೆ ಮರ ಬೆಳೆಸಿ, ಎಲ್ಲರೂ ಹತ್ತಿ ನಡೆಯುವ ಹಾಗೆ ಮಾಡಿದರು. ನಾನು ಕೇಳುವುದೂ ಅಷ್ಟೆ. ಸಂಘದ ನಿಯಮ ಮುರಿಯಬೇಕಾಗಿಲ್ಲ. ವೇದಿಕೆಯ ಮುಂದೆ ಮೂರು ಸಣ್ಣ ಸಲಹೆ ಇಡುತ್ತೇನೆ.

ಮೊದಲನೆಯದು, ಈ ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ನಮ್ಮ ಮನೆಗಳಿಗೆ ಬರುವ ಕನ್ನಡದ ಹೆಂಗಸರನ್ನು ಆಹ್ವಾನಪತ್ರಿಕೆ ಕೊಟ್ಟು ಕರೆಯೋಣ. ಊಟ ಬಡಿಸುವುದಕ್ಕಲ್ಲ, ಪಂಕ್ತಿಯಲ್ಲಿ ಕುಳಿತು ಉಣ್ಣುವುದಕ್ಕೆ. ಹಾಡು ಬರುವವರಿಗೆ ವೇದಿಕೆಯಲ್ಲಿ ಮೈಕು ಕೊಡೋಣ.

ಎರಡನೆಯದು, ಭಾನುವಾರದ ನಮ್ಮ ಕನ್ನಡ ಕಲಿ ತರಗತಿಗೆ ಅವರ ಮಕ್ಕಳನ್ನೂ ಶುಲ್ಕವಿಲ್ಲದೆ ಸೇರಿಸಿಕೊಳ್ಳೋಣ. ಆ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತವೆ, ಬರೆಯಲು ಬಾರದು. ನಮ್ಮ ಮಕ್ಕಳಿಗೆ ಆಡಲು ಬಾರದು. ಒಟ್ಟಿಗೆ ಕುಳಿತರೆ ಎರಡೂ ಕಡೆಗೆ ಲಾಭ.

ಮೂರನೆಯದು, ವಾರಕ್ಕೆ ಒಂದು ದಿನ ಸಂಬಳ ಹಿಡಿಯದ ರಜೆ. ಇದನ್ನು ನಿರ್ಣಯವೆಂದು ಬರೆಯುವುದು ಬೇಡ. ಇಲ್ಲಿ ಕುಳಿತವರು ಮನೆಗೆ ಹೋಗಿ, ಯಾವ ದಿನ ಅನುಕೂಲ ಎಂದು ಅವರನ್ನೇ ಕೇಳಿ ನಿಗದಿಮಾಡಿದರೆ ಸಾಕು. ಜೊತೆಗೆ ಮಂಡಳಿಯಲ್ಲಿ ಹೆಸರು ನೋಂದಾಯಿಸುವ ಅರ್ಜಿ ತುಂಬಲು ನಮ್ಮಲ್ಲಿ ಬ್ಯಾಂಕು, ಕಚೇರಿಗಳಿಂದ ನಿವೃತ್ತರಾದ ಗೆಳತಿಯರು ಇದ್ದಾರೆ. ಅವರ ಒಂದು ಗಂಟೆ ಸಾಕು.

ಬೇಸಿಗೆಯಲ್ಲಿ ಇಟಲಿಗೆ ಹೋಗುವವರಿದ್ದರೆ ಲುಕ್ಕಾಕ್ಕೆ ಎರಡು ರಾತ್ರಿ ಇಟ್ಟುಕೊಳ್ಳಿ. ಇಲಾರಿಯಾಳನ್ನು ನೋಡಿ, ಆಮೇಲೆ ತಪ್ಪದೆ ಜೀತಾಳನ್ನೂ ನೋಡಿ. ಟೋಪಿ, ನೀರಿನ ಬಾಟಲಿ, ಹಗುರ ಚಪ್ಪಲಿ ಮರೆಯಬೇಡಿ. ಮೇಲಿನ ಮೂರು ಸಲಹೆಗಳ ಬಗ್ಗೆ ಚಹಾ ಹೊತ್ತಿನಲ್ಲಿ ಮಾತಾಡೋಣ, ಹೆಸರು ಕೊಡುವವರಿಗೆ ಕಾಗದ ಪೆನ್ನು ನನ್ನ ಬಳಿಯೇ ಇದೆ.